ಎಕ್ಕಿ ಗಿಡದಿಂದ ತರಗತಿಗೆ: ಮಕ್ಕಳ ಮುಂದೆ ಒಂದು ಜೀವಂತ ಹುಳು, ಹಂತ ಹಂತವಾಗಿ

ನಾವು ಸಣ್ಣವರಿದ್ದಾಗ ಶಾಲೆಯ ಅಂಗಳಕ್ಕೆ ಬರುತ್ತಿದ್ದ ಕಾಡುಪ್ರಾಣಿ ಒಂದೇ: ಹಾವಾಡಿಗರ ಬುಟ್ಟಿಯ ನಾಗರಹಾವು. ಪಂಚಮಿ ಹತ್ತಿರ ಬಂತೆಂದರೆ ಪುಂಗಿಯ ಸದ್ದು ಕೇಳಿಸುತ್ತಿತ್ತು. ಮಾಸ್ತರರು ಪಾಠ ನಿಲ್ಲಿಸುವರು, ನಾವು ಸುತ್ತಗಟ್ಟಿ ನಿಲ್ಲುವೆವು, ಬುಟ್ಟಿಯ ಮುಚ್ಚಳ ಏಳುವುದು. ಹತ್ತು ನಿಮಿಷದಲ್ಲಿ ಎಲ್ಲ ಮುಗಿದು ಹೋಗುತ್ತಿತ್ತು. ಆ ಹತ್ತು ನಿಮಿಷದಲ್ಲಿ ಕಲಿತದ್ದು ಎರಡು ಸಂಗತಿ. ಹಾವು ಪುಂಗಿ ಕೇಳಿ ಕುಣಿಯುತ್ತದೆ. ಹಾವು ಹಾಲು ಕುಡಿಯುತ್ತದೆ. ಎರಡೂ ತಪ್ಪು. ಹಾವಿಗೆ ಹೊರಗಿವಿ ಇಲ್ಲ, ಅದು ತೂಗುತ್ತಿದ್ದುದು ಪುಂಗಿಯ ಅಲುಗಾಟವನ್ನು ಕಂಡು. ಹಾಲು ಅದರ ಆಹಾರವೇ ಅಲ್ಲ. ಪ್ರಾಣಿ ಕಣ್ಣೆದುರೇ ಇತ್ತು, ಪಾಠ ಮಾತ್ರ ಆಗಲಿಲ್ಲ. ಅದು ಎಲ್ಲಿರುತ್ತದೆ, ಏನು ತಿನ್ನುತ್ತದೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಮುಂದೆ ನಾನೇ ಮಕ್ಕಳ ಮುಂದೆ ನಿಂತಾಗ ಒಂದು ಮಾತು ತಿಳಿಯಿತು. ಜೀವಿಯನ್ನು ತರಗತಿಗೆ ತರುವುದು ದೊಡ್ಡ ಕೆಲಸವಲ್ಲ. ದಿನಾ ಬೆಳಗ್ಗೆ ಅದಕ್ಕೆ ಬೇಕಾದ ಎಲೆ ಹುಡುಕಿ ತರುವುದೇ ಕೆಲಸ. ಪಾಠ ಇರುವುದೂ ಅಲ್ಲೇ. ತೆಂಗಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಶಿಕ್ಷಕರು ಖರ್ಚಿಲ್ಲದೆ, ಕಾನೂನು ಮುರಿಯದೆ, ಹುಳುವಿಗೂ ಮಕ್ಕಳಿಗೂ ತೊಂದರೆಯಾಗದಂತೆ ಇದನ್ನು ಮಾಡಬಹುದು. ಮೊದಲ ಸಲ ಮಾಡುವವರಿಗಾಗಿಯೇ ಈ ಬರಹ.

ಬೇಕಾಗುವ ಸಾಮಾನು

ಕಿರಾಣಿ ಅಂಗಡಿಯಲ್ಲಿ ಚಾಕಲೇಟ್ ತುಂಬಿಡುವ ಅಗಲ ಬಾಯಿಯ ಪಾರದರ್ಶಕ ಡಬ್ಬಿ ಎರಡು, ಹಳೆಯ ಸೊಳ್ಳೆಪರದೆಯ ತುಂಡು, ರಬ್ಬರ್ ಬ್ಯಾಂಡ್, ಹಳೆಯ ಪತ್ರಿಕೆ, ಚಿತ್ರ ಬಿಡಿಸುವ ಮೆತ್ತನೆಯ ಕುಂಚ, ಒಂದು ಗೇಣುದ್ದದ ಒಣ ಕಡ್ಡಿಗಳು, ಅಳತೆಪಟ್ಟಿ, ಒಂದು ಭೂತಗನ್ನಡಿ, ಇನ್ನೂರು ಪುಟದ ಒಂದು ನೋಟ್‌ಬುಕ್. ಡಬ್ಬಿಗಳನ್ನು ಅಂಗಡಿಯವರು ಕೇಳಿದರೆ ಸುಮ್ಮನೆ ಕೊಡುತ್ತಾರೆ.

ಹಂತ 1: ಏನನ್ನು ತರಬಾರದು ಎಂದು ಮೊದಲು ತಿಳಿಯಿರಿ

ಹಳ್ಳಿ ಶಾಲೆಯಲ್ಲಿ ಪ್ರಾಣಿ ತರಲು ಶಿಕ್ಷಕರೇ ಬೇಕೆಂದಿಲ್ಲ, ಮಕ್ಕಳೇ ತರುತ್ತಾರೆ. ಒಬ್ಬ ಗಿಳಿಮರಿ ತರುತ್ತಾನೆ, ಇನ್ನೊಬ್ಬಳು ಹೊಲದಲ್ಲಿ ಸಿಕ್ಕ ಆಮೆ ತರುತ್ತಾಳೆ, ಮತ್ತೊಬ್ಬನ ಕೈಯಲ್ಲಿ ಮೊಲದ ಮರಿ. ಮೆಚ್ಚಿ ಇಟ್ಟುಕೊಂಡಿರೋ, ಕಷ್ಟಕ್ಕೆ ಸಿಕ್ಕಿರಿ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬಲೆ ಒಡ್ಡುವುದು, ಹಕ್ಕಿಯ ಗೂಡು ಕೆಡಿಸುವುದು, ಮೊಟ್ಟೆ ತೆಗೆಯುವುದು ಎಲ್ಲವೂ ಬೇಟೆಯೇ. ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ನಾಗರಹಾವು, ಉಡ, ನಕ್ಷತ್ರ ಆಮೆ, ನವಿಲು ಮೊದಲನೇ ಪಟ್ಟಿಯಲ್ಲಿವೆ. ಆ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಗಿಳಿಯನ್ನು ಪಂಜರದಲ್ಲಿ ಸಾಕುವುದೂ ಅಪರಾಧವೇ. ಶಿಕ್ಷಣದ ಕಾರಣಕ್ಕೆ ಅನುಮತಿ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ಆ ಅಧಿಕಾರ ಇರುವುದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ. ಮುಖ್ಯೋಪಾಧ್ಯಾಯರ ಸಹಿ ಅಲ್ಲಿ ನಡೆಯುವುದಿಲ್ಲ.

ಹಾಗಾದರೆ ಮಗು ತಂದದ್ದನ್ನು ಏನು ಮಾಡುವುದು? ಬೈಯಬೇಡಿ. ಬೈಸಿಕೊಂಡ ಮಗು ಮುಂದಿನ ಸಲ ಮನೆಯಲ್ಲಿ ಬಚ್ಚಿಡುತ್ತದೆ. ‘ಎಲ್ಲಿ ಸಿಕ್ಕಿತು, ತೋರಿಸು’ ಎಂದು ಕರೆದುಕೊಂಡು ಹೋಗಿ, ಸಿಕ್ಕ ಜಾಗದಲ್ಲೇ ಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಕಾನೂನಿನ ಮಾತು ಹಾಗಿರಲಿ, ಸುರಕ್ಷತೆಯ ದೃಷ್ಟಿಯಿಂದ ಬೇಡವಾದವೂ ಇವೆ. ಫರಸಿ ಕಲ್ಲಿನ ಅಡಿಯ ಚೇಳು ಬೇಡ. ಮೈತುಂಬ ಕೂದಲಿರುವ ಕಂಬಳಿಹುಳು ಬೇಡ, ಮೈಗೆ ತಾಗಿದರೆ ತುರಿಕೆ, ದದ್ದು. ಯಾವ ಜಾತಿಯ ಹಾವೂ, ಎಷ್ಟೇ ಚಿಕ್ಕ ಮರಿಯೂ, ಯಾರೇ ಹಿಡಿದು ತಂದರೂ ತರಗತಿಯೊಳಗೆ ಬೇಡ. ಕಪ್ಪೆಮರಿಗಳನ್ನು ಹೊಂಡದ ದಂಡೆಯಲ್ಲೇ ಕೂತು ನೋಡಿ.

ಹಂತ 2: ಸುಲಭದ ಹುಳುವಿನಿಂದ ಶುರು ಮಾಡಿ

ಮೊದಲ ಸಲಕ್ಕೆ ನನ್ನ ಆಯ್ಕೆ ಎಕ್ಕಿ ಗಿಡದ ಹುಳು. ಎಕ್ಕಿ ನಮ್ಮಲ್ಲಿ ಎಲ್ಲಿಲ್ಲ? ರಸ್ತೆ ಬದಿ, ಹಾಳು ಗೋಡೆ, ಕಲ್ಲಿನ ಕ್ವಾರಿಯ ಅಂಚು, ಶಾಲೆಯ ಕಾಂಪೌಂಡ್. ಶನಿವಾರ ಹನುಮಪ್ಪನಿಗೆ ಎಲೆಯ ಹಾರ, ರಥಸಪ್ತಮಿಯ ದಿನ ತಲೆಯ ಮೇಲೆ ಎಲೆ ಇಟ್ಟುಕೊಂಡು ಸ್ನಾನ. ಅಷ್ಟರ ಹೊರತು ಅದನ್ನು ಯಾರೂ ಮಾತಾಡಿಸುವುದಿಲ್ಲ. ಆಡು ಸಹ ಬಾಯಿ ಹಾಕದ ಆ ಎಲೆಯನ್ನೇ ನೆಚ್ಚಿಕೊಂಡು ಬದುಕುವ ಹುಳು ಒಂದಿದೆ. ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆ. ಬೆನ್ನ ಮೇಲೆ ಮೂರು ಜೊತೆ ಕರಿಯ ಕೋಡು. ದೊಡ್ಡದಾಗಿ ಇದು ಪ್ಲೇನ್ ಟೈಗರ್ ಎಂಬ ಪಾತರಗಿತ್ತಿ ಆಗುತ್ತದೆ: ಇಟ್ಟಂಗಿ ಕಿತ್ತಳೆ ಬಣ್ಣ, ರೆಕ್ಕೆಯ ತುದಿ ಕಪ್ಪು, ಅದರ ಮೇಲೆ ಬಿಳಿ ಚುಕ್ಕೆ. ಈಜಿಪ್ಟಿನಲ್ಲಿ ಸುಮಾರು 3,500 ವರ್ಷ ಹಿಂದಿನ ಸಮಾಧಿಯೊಂದರ ಗೋಡೆಚಿತ್ರದಲ್ಲಿ ಇದೇ ಚಿಟ್ಟೆಯನ್ನು ಗುರುತಿಸಿದ್ದಾರೆ. ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಸಾಕಿ ಬಿಡುವ ಮೊನಾರ್ಕ್ ಚಿಟ್ಟೆ ಇದರ ದಾಯಾದಿ. ಅಂದರೆ ಜಗತ್ತಿನ ಹೆಸರುವಾಸಿ ತರಗತಿ-ಪ್ರಾಣಿಯ ಬಳಗವೊಂದು ನಿಮ್ಮ ಕಾಂಪೌಂಡ್ ಗೋಡೆಗೆ ಒರಗಿಕೊಂಡೇ ಇದೆ.

ಎಕ್ಕಿಯಲ್ಲಿ ಹುಳು ಸಿಗದಿದ್ದರೆ ನಿಂಬೆ, ಕರಿಬೇವು ಇಲ್ಲವೇ ಗುಡಿಯಂಗಳದ ಬಿಲ್ವಪತ್ರಿ ಗಿಡ ನೋಡಿ. ಅಲ್ಲಿ ನಿಂಬೆ ಚಿಟ್ಟೆಯ ಮರಿಹುಳು ಸಿಗುತ್ತದೆ. ಸಣ್ಣದಿದ್ದಾಗ ಥೇಟ್ ಹಕ್ಕಿಯ ಹಿಕ್ಕೆ, ಬಲಿತ ಮೇಲೆ ಎಲೆಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಚಾಚಿ ವಾಸನೆ ಬಿಡುತ್ತದೆ.

ಈ ಎರಡೂ ಚಿಟ್ಟೆಗಳು ಸಂರಕ್ಷಿತ ಪಟ್ಟಿಯಲ್ಲಿಲ್ಲ. ಚಿಟ್ಟೆಗಳಲ್ಲಿ ಪಟ್ಟಿಗೆ ಸೇರಿದ ಜಾತಿಗಳೂ ಉಂಟು. ಆದ್ದರಿಂದ ಗುರುತು ಹಿಡಿಯದ ಹುಳುವನ್ನು ತರಬೇಡಿ. ಗಿಡ ಯಾವುದು, ಹುಳು ಯಾವುದು ಎರಡೂ ತಾಳೆಯಾದರೆ ಮಾತ್ರ ತನ್ನಿ.

ಹಂತ 3: ದಿನ ಎಣಿಸಿ, ಹೇಳಬೇಕಾದವರಿಗೆ ಹೇಳಿ

ಬೆಚ್ಚನೆಯ ದಿನಗಳಲ್ಲಿ ಮೊಟ್ಟೆ ಒಡೆಯಲು 3-4 ದಿನ, ಮರಿಹುಳು ಬೆಳೆಯಲು ಸುಮಾರು 2 ವಾರ, ಗೂಡಿನೊಳಗೆ ಸುಮಾರು 10 ದಿನ. ಒಟ್ಟು ಹೆಚ್ಚುಕಡಿಮೆ 4 ವಾರ. ಪ್ರತಿವರ್ಷ ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ. ಆ ಹೊತ್ತಿಗೆ ಚಿಟ್ಟೆ ಹಾರಿಸಬೇಕೆಂದರೆ ಸೆಪ್ಟೆಂಬರ್ ಮೊದಲ ವಾರ ಮೊಟ್ಟೆ ಹುಡುಕಬೇಕು. ದಸರಾ ರಜೆ ಯಾವತ್ತಿನಿಂದ ಎಂದು ಮೊದಲೇ ನೋಡಿಕೊಳ್ಳಿ. ಬೀಗ ಹಾಕಿದ ಕೋಣೆಯಲ್ಲಿ ಚಿಟ್ಟೆ ಹೊರಬಂದು ಪರದೆಗೆ ಬಡಿದು ಸತ್ತರೆ ಅದರ ಪಾಪ ನಮ್ಮದೇ. ಏಪ್ರಿಲ್-ಮೇ ಬಿಸಿಲಿನ ಮಾತೇ ಬೇಡ.

ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಎಸ್‌ಡಿಎಂಸಿ ಸಭೆಯಲ್ಲಿ ಒಂದು ಮಾತು ಹಾಕಿ. ಪರಿಸರ ಅಧ್ಯಯನ, ವಿಜ್ಞಾನ ಎರಡರ ಪಾಠಕ್ಕೂ ಇದು ಹೊಂದುತ್ತದೆ ಎಂದರೆ ಯಾರೂ ಬೇಡ ಎನ್ನುವುದಿಲ್ಲ. ಧೂಳಿಗೆ, ಹುಳುವಿಗೆ ಅಲರ್ಜಿ ಇರುವ ಮಕ್ಕಳಿದ್ದಾರೆಯೇ ಎಂದು ಮನೆಯವರನ್ನು ಕೇಳಿ. ಹೆದರುವ ಮಗುವನ್ನು ಮುಂದಕ್ಕೆ ತಳ್ಳಬೇಡಿ. ದೂರದಿಂದ ನೋಡಲಿ, ಮೂರನೇ ದಿನ ಅದೇ ಹತ್ತಿರ ಬರುತ್ತದೆ.

ಹಂತ 4: ಹುಳುವಿಗೆ ಮನೆ ಮಾಡಿ

ಡಬ್ಬಿಯನ್ನು ಬರೀ ನೀರಿನಿಂದ ತೊಳೆದು ಒಣಗಿಸಿ. ಸೋಪು, ಫಿನೈಲ್ ಸೋಕಿಸಬೇಡಿ. ತಳಕ್ಕೆ ಪತ್ರಿಕೆಯ ತುಂಡು ಹಾಸಿ, ಓರೆಯಾಗಿ ಎರಡು ಒಣ ಕಡ್ಡಿ ನಿಲ್ಲಿಸಿ. ಮುಚ್ಚಳದ ಬದಲು ಬಾಯಿಗೆ ಸೊಳ್ಳೆಪರದೆ ಕಟ್ಟಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಒಂದು ಡಬ್ಬಿಗೆ ಎರಡೋ ಮೂರೋ ಹುಳು ಸಾಕು.

ಡಬ್ಬಿ ಎಲ್ಲಿಡುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಹಿಂದೊಮ್ಮೆ ನಾನು ‘ಬೆಳಕು ಚೆನ್ನಾಗಿದೆ’ ಎಂದು ಕಿಟಕಿಯ ಶಹಾಬಾದ ಕಲ್ಲಿನ ಕಟ್ಟೆಯ ಮೇಲಿಟ್ಟೆ. ಬಿಸಿಯೂಟ ಮುಗಿಸಿ ಬರುವಷ್ಟರಲ್ಲಿ ಬಿಸಿಲು ತಿರುಗಿ ಕಲ್ಲು ಕಾದಿತ್ತು. ನಾಲ್ಕು ಹುಳು, ನಾಲ್ಕೂ ತಳದಲ್ಲಿ ಸುರುಟಿಕೊಂಡು ಬಿದ್ದಿದ್ದವು. ಮಕ್ಕಳು ನನ್ನ ಮುಖ ನೋಡಿದರು, ನಾನು ಡಬ್ಬಿ ನೋಡಿದೆ. ಅಂದಿನಿಂದ ನನ್ನದು ಒಂದೇ ನಿಯಮ: ಬೆಳಕು ಬೀಳಬೇಕು, ಬಿಸಿಲು ಬೀಳಬಾರದು.

ಇರುವೆ ಎರಡನೆಯ ಶತ್ರು. ಮನೆಯಲ್ಲಿ ಬೆಲ್ಲದ ಡಬ್ಬಿಗೆ ಮಾಡುವ ಉಪಾಯವನ್ನೇ ಇಲ್ಲೂ ಮಾಡಿ. ಅಗಲ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಇಟ್ಟಂಗಿ ಇಟ್ಟು, ಅದರ ಮೇಲೆ ಡಬ್ಬಿ ಇಡಿ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಊದಿನಕಡ್ಡಿ, ಕೀಟನಾಶಕದ ಸ್ಪ್ರೇ ಯಾವುದೂ ಬೇಡ.

ಹಂತ 5: ಹುಡುಕಲು ಹೋಗಿ

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಾಲ್ಕೈದು ಮಕ್ಕಳನ್ನು ಕರೆದುಕೊಂಡು ಹೊರಡಿ. ಹೊರಡುವ ಮುನ್ನ ಒಂದು ಮಾತನ್ನು ಮೂರು ಸಲ ಹೇಳಿ: ಎಕ್ಕಿಯ ಹಾಲು ಕಣ್ಣಿಗೆ ಬೀಳಬಾರದು. ಬಿದ್ದರೆ ಕಣ್ಣಿನ ಕರಿಗುಡ್ಡೆಯ ಪೊರೆಗೆ ಪೆಟ್ಟಾಗುತ್ತದೆ, ದೃಷ್ಟಿ ಮಂಜಾಗುತ್ತದೆ. ಆದ್ದರಿಂದ ಎಲೆ ಕೀಳುವ ಕೆಲಸ ಶಿಕ್ಷಕರದು. ಮಕ್ಕಳು ಹುಡುಕಲಿ, ಬೆರಳು ಮಾಡಿ ತೋರಿಸಲಿ. ಅಕಸ್ಮಾತ್ ಹಾಲು ಕಣ್ಣಿಗೆ ತಾಗಿದರೆ ಉಜ್ಜಬಾರದು. ಚೊಕ್ಕ ನೀರನ್ನು ಹದಿನೈದು ನಿಮಿಷ ಬಿಡದೆ ಹಾಕಿ, ನೇರ ಆಸ್ಪತ್ರೆಗೆ ಹೋಗಬೇಕು. ಗಿಡದಿಂದ ಬಂದವರೆಲ್ಲ ಮೊದಲು ಸೋಪು ಹಚ್ಚಿ ಕೈ ತೊಳೆಯಲಿ.

ಗಿಡದ ಹತ್ತಿರ ಹೋಗಿ ಸುಮ್ಮನೆ ಎರಡು ನಿಮಿಷ ನಿಲ್ಲಿ. ಕಿತ್ತಳೆ ಬಣ್ಣದ ಚಿಟ್ಟೆ ಬಂದು ಎಲೆಯಂಚಿನಲ್ಲಿ ಕೂತು, ಹೊಟ್ಟೆ ಬಗ್ಗಿಸಿ, ಅರೆಕ್ಷಣ ತಡೆದು ಹಾರಿದರೆ ಅದು ಮೊಟ್ಟೆ ಇಟ್ಟಿತೆಂದೇ ಲೆಕ್ಕ. ಎಲೆ ತಿರುವಿ ನೋಡಿ. ಗಸಗಸೆ ಕಾಳಿನಷ್ಟು, ಬಿಳಿಯದು, ಒಂದೇ ಒಂದು. ಭೂತಗನ್ನಡಿ ಹಿಡಿದರೆ ಅದರ ಮೇಲೆ ಉದ್ದುದ್ದ ಗೆರೆಗಳು ಕಾಣುತ್ತವೆ. ಮೊಟ್ಟೆ ಸಿಗದಿದ್ದರೆ ಎಲೆಯಲ್ಲಿ ತೂತು ಹುಡುಕಿ, ತೂತಿನ ಆಸುಪಾಸಿನಲ್ಲೇ ಹುಳು ಇರುತ್ತದೆ.

ಅದೇ ಗಿಡದಲ್ಲಿ ಹಳದಿ, ನೀಲಿ ಬಣ್ಣ ಬಳಿದುಕೊಂಡಂಥ ದಪ್ಪ ಮಿಡತೆ ಕೂತಿರುತ್ತದೆ. ಮಕ್ಕಳ ಕೈ ಮೊದಲು ಹೋಗುವುದು ಅದಕ್ಕೇ. ಬೇಡ. ಅದರ ಮರಿ ಹಿಡಿದವರ ಮೇಲೆ ಕಹಿರಸ ಚಿಮ್ಮುತ್ತದೆ.

ಹುಳುವನ್ನು ಬೆರಳಲ್ಲಿ ಎತ್ತಬೇಡಿ. ಕೂತ ಎಲೆ ಸಮೇತ ತನ್ನಿ. ಹತ್ತು ಸಿಕ್ಕರೂ ಮೂರಕ್ಕಿಂತ ಹೆಚ್ಚು ತರಬೇಡಿ. ತಂದ ಗಿಡಕ್ಕೆ ಒಂದು ಚಿಂದಿ ಬಟ್ಟೆ ಕಟ್ಟಿ ಗುರುತು ಮಾಡಿ, ವಾಪಸು ಬರುವುದು ಅಲ್ಲಿಗೇ.

ಹಂತ 6: ದಿನಚರಿ ಹಂಚಿ

ದಿನಕ್ಕೆ ಇಬ್ಬರಂತೆ ಮಕ್ಕಳ ಪಾಳಿ ಹಾಕಿ, ಹೆಸರುಗಳನ್ನು ಗೋಡೆಗೆ ಅಂಟಿಸಿ. ಬೆಳಗ್ಗೆ ಬಂದ ಕೂಡಲೆ ಮೂರು ಕೆಲಸ. ಒಂದು, ಹಳೆಯ ಪತ್ರಿಕೆಯನ್ನು ಹಿಕ್ಕೆ ಸಮೇತ ತೆಗೆದು ಹೊಸದು ಹಾಸುವುದು. ತೇವ ನಿಂತರೆ ಬೂಸ್ಟು ಹಿಡಿದು ಹುಳುವಿಗೆ ರೋಗ ಬರುತ್ತದೆ. ಎರಡು, ಶಿಕ್ಷಕರು ತಂದ ಹೊಸ ಎಲೆ ಇಡುವುದು. ಹಳೆಯ ಎಲೆಯ ಮೇಲಿನ ಹುಳುವನ್ನು ಕೀಳಬಾರದು, ಹೊಸ ಎಲೆ ಪಕ್ಕಕ್ಕಿಟ್ಟರೆ ತಾನೇ ದಾಟುತ್ತದೆ. ದಾಟದಿದ್ದರೆ ಕುಂಚದ ತುದಿಯಿಂದ ಮೆಲ್ಲಗೆ ಎಬ್ಬಿಸಿ. ಮೂರು, ಕೈ ತೊಳೆಯುವುದು.

ಎಲೆ ಯಾವ ಗಿಡದ್ದು ಎಂಬುದು ಮುಖ್ಯ. ತೊಗರಿ, ಹತ್ತಿ ಹೊಲದ ಬದುವಿನ ಎಲೆಯ ಮೇಲೆ ಔಷಧಿ ಹೊಡೆದ ಹನಿ ಬಿದ್ದಿರಬಹುದು, ಬೇಡ. ಸಿಮೆಂಟ್ ಲಾರಿ ಓಡಾಡುವ ರಸ್ತೆಯ ಗಿಡವಾದರೆ ಎಲೆ ತೊಳೆದು, ಒರೆಸಿ, ಒಣಗಿಸಿ ಹಾಕಿ. ಹುಳುವಿಗೆ ಬೇರೆ ನೀರು ಬೇಕಿಲ್ಲ, ಎಲೆಯ ರಸವೇ ನೀರು.

ಒಮ್ಮೆ ಪಾಳಿಯ ಹುಡುಗ ಎಕ್ಕಿ ದೂರವಾಯಿತೆಂದು ಬೇವಿನ ಎಲೆ ಹಾಕಿಬಿಟ್ಟ. ಸಂಜೆಯ ತನಕ ಹುಳು ಅದರತ್ತ ಹೊರಳಲಿಲ್ಲ. ಅವನು ಓಡಿ ಬಂದ: ‘ಸರ, ಹುಳ ಉಪಾಸ ಅದರಿ. ಇದಕ್ಕ ಎಕ್ಕಿನೇ ಬೇಕಂತ.’ ಆಹಾರ ಸರಪಳಿ ಎಂದು ನಾನು ಹಲಗೆಯ ಮೇಲೆ ಬಾಣದ ಗುರುತು ಹಾಕಿ ಎಷ್ಟೋ ವರ್ಷ ಕಲಿಸಿದ್ದೆ. ಈ ಒಂದು ಮಾತು ಅಷ್ಟನ್ನೂ ಹೇಳಿತ್ತು.

ಭಾನುವಾರ ಏನು ಮಾಡುವುದು? ಶನಿವಾರ ಎರಡು ದೊಡ್ಡ ಎಲೆ ಹೆಚ್ಚಿಗೆ ಇಡಿ. ಎಲೆಯ ತೊಟ್ಟಿಗೆ ಒದ್ದೆ ಹತ್ತಿ ಸುತ್ತಿದರೆ ಮರುದಿನದವರೆಗೂ ಬಾಡುವುದಿಲ್ಲ. ಎರಡು ದಿನದ ರಜೆ ಇದ್ದರೆ ಡಬ್ಬಿ ಶಿಕ್ಷಕರ ಮನೆಗೆ ಹೋಗಲಿ.

ಹಂತ 7: ನೋಡಿ, ಅಳೆಯಿರಿ, ಬರೆಯಿರಿ

ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಪುಟ. ದಿನಾಂಕ, ಹುಳುವಿನ ಉದ್ದ, ತಿಂದ ಎಲೆ ಎಷ್ಟು, ಕಂಡದ್ದೇನು. ಉದ್ದ ಅಳೆಯಲು ಹುಳು ಮುಟ್ಟಬೇಕಿಲ್ಲ, ಡಬ್ಬಿಯ ಹೊರಗೆ ಅಳತೆಪಟ್ಟಿ ಹಿಡಿದರಾಯಿತು. ಮೊದಲ ದಿನ ಕೆಲವೇ ಮಿಲಿಮೀಟರ್ ಇದ್ದದ್ದು ಎರಡು ವಾರದಲ್ಲಿ ಸುಮಾರು 4 ಸೆಂಟಿಮೀಟರ್ ಆಗುತ್ತದೆ. ಈ ಅಂಕಿಗಳಿಂದಲೇ ಗಣಿತದ ತಾಸಿನಲ್ಲಿ ನಕ್ಷೆ ಬಿಡಿಸಬಹುದು.

ಮಕ್ಕಳಿಗೆ ಉತ್ತರ ಹೇಳಬೇಡಿ, ಕಾಯಲು ಹೇಳಿ. ಮೊಟ್ಟೆಯಿಂದ ಬಂದ ಹುಳು ಮೊದಲು ತಿನ್ನುವುದೇನು? ತನ್ನ ಮೊಟ್ಟೆಯ ಚಿಪ್ಪನ್ನೇ. ಎಲೆಯ ಹಾಲು ಬಾಯಿಗೆ ಅಂಟದೆ ಹೇಗೆ ತಿನ್ನುತ್ತದೆ? ಮೊದಲು ನರ ಕಡಿದು ಹಾಲು ಬಸಿಯಲು ಬಿಡುತ್ತದೆ, ಆಮೇಲೆ ಅದರ ಆಚೆಯ ಭಾಗ ಮೇಯುತ್ತದೆ. ಒಂದೊಂದು ದಿನ ಏನೂ ತಿನ್ನದೆ ಯಾಕೆ ಕೂತಿರುತ್ತದೆ? ಪೊರೆ ಕಳಚುವ ಹೊತ್ತು ಅದು. ಮರಿಹುಳುವಾಗಿ ನಾಲ್ಕು ಸಲ ಅಂಗಿ ಬದಲಿಸುತ್ತದೆ. ‘ಸತ್ತದ’ ಎಂದು ಯಾರಾದರೂ ಎತ್ತಿ ಬಿಸಾಡುವುದು ಆ ದಿನವೇ, ಮೊದಲೇ ಎಚ್ಚರಿಸಿ.

ಅಷ್ಟು ಢಾಳಾದ ಬಣ್ಣ ಇಟ್ಟುಕೊಂಡು ಹಕ್ಕಿಯ ಕಣ್ಣಿಗೆ ಬೀಳುವುದಿಲ್ಲವೇ ಎಂದು ಒಬ್ಬರಾದರೂ ಕೇಳುತ್ತಾರೆ. ಬೀಳಲಿ ಎಂದೇ ಆ ಬಣ್ಣ. ಎಕ್ಕಿಯ ವಿಷವನ್ನು ಹುಳು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಅದು ಚಿಟ್ಟೆಗೂ ಬರುತ್ತದೆ. ಒಮ್ಮೆ ಬಾಯಿ ಕಹಿಯಾದ ಹಕ್ಕಿ ಆ ಬಣ್ಣವನ್ನು ಮರೆಯುವುದಿಲ್ಲ. ಇದರ ವೇಷ ಹಾಕಿಕೊಂಡು ಬದುಕುವ, ವಿಷವಿಲ್ಲದ ಚಿಟ್ಟೆಯೂ ಇದೆ: ಡನೈಡ್ ಎಗ್‌ಫ್ಲೈ ಜಾತಿಯ ಹೆಣ್ಣು. ನಮ್ಮ ಬಯಲಾಟದ ಮಕ್ಕಳಿಗೆ ವೇಷ ಎಂದರೆ ಬಿಡಿಸಿ ಹೇಳಬೇಕಿಲ್ಲ.

ಹಂತ 8: ಗೂಡಾಗುವ ದಿನ ಕೈ ಹಚ್ಚಬೇಡಿ

ಎರಡನೇ ವಾರದ ಕೊನೆಗೆ ಹುಳು ತಿನ್ನುವುದು ಬಿಟ್ಟು ಡಬ್ಬಿ ತುಂಬ ತಿರುಗಾಡುತ್ತದೆ. ಕಡ್ಡಿಗೋ ಪರದೆಗೋ ರೇಷ್ಮೆಯ ಗುಂಡಿ ನೇಯ್ದು, ಹಿಂಗಾಲಲ್ಲಿ ಹಿಡಿದು, ತಲೆಕೆಳಗಾಗಿ ಕೊಕ್ಕೆಯಂತೆ ಜೋತು ಬೀಳುತ್ತದೆ. ಇನ್ನು ಎಲೆ ಬೇಡ, ಸ್ವಚ್ಛತೆ ಬೇಡ, ಡಬ್ಬಿ ಸರಿಸುವುದೂ ಬೇಡ. ಸುಮಾರು ಒಂದು ದಿನದ ನಂತರ ಕೊನೆಯ ಪೊರೆ ಬಿರಿದು ಮೇಲಕ್ಕೆ ಸುರುಳಿಯಾಗುತ್ತದೆ. ಒಳಗಿಂದ ಕಾಣುವುದು ಹಸಿರು ಇಲ್ಲವೇ ನಸುಗುಲಾಬಿ ಪ್ಯೂಪಾ, ಕಿವಿಯ ಜುಮಕಿಯ ಹಾಗೆ. ಈ ಕ್ಷಣ ನಿಮ್ಮ ಕಣ್ಣೆದುರಿಗೇ ಸಂಭವಿಸಿದರೆ ಯಾವ ವಿಷಯದ ಪಾಠ ನಡೆಯುತ್ತಿದ್ದರೂ ನಿಲ್ಲಿಸಿ. ಪಾಠ ನಾಳೆಯೂ ಮಾಡಬಹುದು.

ಹಂತ 9: ಹಾರಿಸುವ ಬೆಳಗು

ಹತ್ತನೇ ದಿನದ ಸುಮಾರಿಗೆ ಪ್ಯೂಪಾ ಕಪ್ಪಾದಂತೆ ಕಂಡು, ಒಳಗೆ ಮಡಿಸಿಟ್ಟ ಕಿತ್ತಳೆ ರೆಕ್ಕೆ ಹೊಳೆಯುತ್ತದೆ. ಮರುಬೆಳಗು ಚಿಟ್ಟೆ ಹೊರಬರುತ್ತದೆ. ಆಗ ಅದರ ರೆಕ್ಕೆ ಒದ್ದೆ ಕರವಸ್ತ್ರದಂತೆ ಮುದುಡಿರುತ್ತದೆ. ಸಹಾಯ ಮಾಡಲು ಹೋಗಬೇಡಿ. ಜೋತುಬಿದ್ದು ಹೊಟ್ಟೆಯ ರಸವನ್ನು ರೆಕ್ಕೆಯ ನರಗಳಿಗೆ ತಳ್ಳಿಕೊಳ್ಳುತ್ತದೆ. ರೆಕ್ಕೆ ಹರಡಿ ಗಟ್ಟಿಯಾಗಲು ಒಂದೆರಡು ತಾಸು ಬೇಕು. ಆ ಹೊತ್ತಿನಲ್ಲಿ ಕೆಂಪಗಿನ ಹನಿಗಳನ್ನು ಚೆಲ್ಲುತ್ತದೆ. ‘ಸರ, ರಗತ ಬಂತರೀ!’ ಎಂದು ಕೂಗು ಏಳುತ್ತದೆ. ರಕ್ತವಲ್ಲ, ಗೂಡಿನೊಳಗೆ ಉಳಿದ ಕೊಳೆ ಅದು.

ಹಿಂದಿನ ರೆಕ್ಕೆಯ ಮೇಲಿನ ಕಪ್ಪು ಚುಕ್ಕೆ ಎಣಿಸಿ. ನಾಲ್ಕಿದ್ದರೆ ಗಂಡು, ಮೂರಿದ್ದರೆ ಹೆಣ್ಣು. ಬಿಸಿಲು ಹದವಾಗಿರುವಾಗ ಡಬ್ಬಿಯನ್ನು ಚಿಂದಿ ಕಟ್ಟಿದ ಆ ಎಕ್ಕಿ ಗಿಡದ ಹತ್ತಿರ ಒಯ್ದು ಪರದೆ ಬಿಚ್ಚಿ. ಚಪ್ಪಾಳೆ, ಭಾಷಣ, ಫೋಟೋಕ್ಕಾಗಿ ರೆಕ್ಕೆ ಹಿಡಿಯುವುದು ಬೇಡ. ಹಾರಿಹೋಗಲಿ.

ಹಂತ 10: ಸತ್ತರೆ ಮುಚ್ಚಿಡಬೇಡಿ

ಮೂರರಲ್ಲಿ ಒಂದಾದರೂ ಸಾಯಬಹುದು. ಕೆಲವು ಸಲ ಗೂಡಿನಿಂದ ಚಿಟ್ಟೆಯ ಬದಲು ನೊಣವೋ ಸಣ್ಣ ಕಣಜವೋ ಹೊರಬರುತ್ತದೆ. ಹುಳು ಇನ್ನೂ ಗಿಡದಲ್ಲಿದ್ದಾಗಲೇ ಅವು ಮೊಟ್ಟೆ ಇಟ್ಟಿರುತ್ತವೆ. ಮಕ್ಕಳು ನೊಂದುಕೊಳ್ಳುತ್ತಾರೆ, ನೊಂದುಕೊಳ್ಳಲಿ. ‘ಹೊರಗಿದ್ದಿದ್ದರೆ ಎಷ್ಟು ಬದುಕುತ್ತಿದ್ದವು?’ ಎಂಬ ಪ್ರಶ್ನೆ ಹುಟ್ಟುವುದು ಆಗಲೇ. ಸತ್ತದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆಸಿ. ನಮ್ಮ ತಪ್ಪಿನಿಂದ ಸತ್ತಿದ್ದರೆ ಹಾಗೆಂದೇ ಬರೆಸಿ, ನಾನೂ ಬರೆಸಿದ್ದೇನೆ.

ಕೈ ಪಳಗಿದ ಮೇಲೆ

ಎರಡನೇ ವರ್ಷ ತೊಗರಿಯ ಕಾಯಿಕೊರಕ ಹುಳುವಿಗೆ ಕೈ ಹಾಕಬಹುದು. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ಅದರ ದೊಡ್ಡ ಶತ್ರು ಈ ಹುಳು. ಗಿಡದ ಕೆಳಗೆ ಹಾಳೆ ಹಾಸಿ, ಗಿಡ ಅಲುಗಿಸಿ ಹುಳು ಉದುರಿಸುವ ಪದ್ಧತಿ ಈ ಸೀಮೆಯ ರೈತರದು, ಕೃಷಿ ವಿಜ್ಞಾನಿಗಳೂ ಅದನ್ನು ಒಪ್ಪಿ ದಾಖಲಿಸಿದ್ದಾರೆ. ನವೆಂಬರ್ ಹೊತ್ತಿಗೆ ಔಷಧಿ ಹೊಡೆಯದ ಹೊಲದಿಂದ ನಾಲ್ಕು ಹುಳು ತಂದು, ಒಂದೊಂದನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ. ಕೂಡಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಇದು ಗೂಡಾಗುವುದು ಮಣ್ಣಿನಲ್ಲಿ, ಆದ್ದರಿಂದ ತಳಕ್ಕೆ ಮೂರು ಬೆರಳು ಸಡಿಲ ಮಣ್ಣು ಬೇಕು. ಇದರ ಪತಂಗವನ್ನು ಬಿಡಬೇಕೇ, ಬೇಡವೇ? ಅರ್ಧ ಮಕ್ಕಳು ‘ಪಾಪ’ ಎನ್ನುತ್ತಾರೆ, ಅರ್ಧ ಮಕ್ಕಳು ‘ನಮ್ಮಪ್ಪನ ಹೊಲ’ ಎನ್ನುತ್ತಾರೆ. ತಾಸುಗಟ್ಟಲೆ ವಾದ ನಡೆಯಲಿ. ಬಿಡಬಾರದು ಎಂಬುದೇ ನನ್ನ ತೀರ್ಪು, ಆದರೆ ಅದನ್ನು ಕೊನೆಗೆ ಹೇಳಿ.

ದೊಡ್ಡ ಪ್ರಾಣಿಗಳ ಆಸೆಯಾದರೆ ಅವನ್ನು ಕರೆಸಬೇಡಿ, ನೀವು ಹೋಗಿ. ಚಿಂಚೋಳಿ ವನ್ಯಜೀವಿಧಾಮ ನಮ್ಮ ಬಗಲಲ್ಲೇ ಇದೆ. 2011ರಲ್ಲಿ ಘೋಷಣೆಯಾದ ಸುಮಾರು 135 ಚದರ ಕಿಲೋಮೀಟರ್ ಕಾಡು ಅದು. ಒಣಭೂಮಿಯ ವನ್ಯಜೀವಿಧಾಮಗಳಲ್ಲಿ ದಕ್ಷಿಣ ಭಾರತದಲ್ಲೇ ಮೊದಲನೆಯದೆಂಬ ಹೆಸರು ಅದಕ್ಕಿದೆ. ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ ಅಲ್ಲಿವೆ. ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯಲು ಅರಣ್ಯ ಇಲಾಖೆಯದೇ ‘ಚಿಣ್ಣರ ವನದರ್ಶನ’ ಕಾರ್ಯಕ್ರಮವಿದೆ, ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ತೋಳ ಕಾಣದೇ ಇರಬಹುದು. ಆದರೆ ಒಂದು ತಿಂಗಳು ಹುಳು ನೋಡಿ ಪಳಗಿದ ಕಣ್ಣು ಅಲ್ಲಿನ ಚಂದ್ರಂಪಳ್ಳಿ ಜಲಾಶಯದ ಕೆಸರಿನಲ್ಲಿ ಹೆಜ್ಜೆ ಗುರುತನ್ನಾದರೂ ಹುಡುಕುತ್ತದೆ.

ಕೊನೆಗೆ ಒಂದು ಕೋರಿಕೆ. ಆಗಸ್ಟ್ 15 ಬಂತೆಂದರೆ ಶಾಲೆಯ ಆವರಣ ಸ್ವಚ್ಛ ಮಾಡುತ್ತೇವೆ. ಕುಡುಗೋಲು ಮೊದಲು ಬೀಳುವುದು ಮೂಲೆಯ ಎಕ್ಕಿಯ ಮೇಲೆ. ನಾನೂ ಕಡಿಸಿದ್ದೇನೆ. ಮುಂದಿನ ತಿಂಗಳು ಹುಳು ಹುಡುಕಲು ಹೋದ ಮಕ್ಕಳು ಬರಿಗೈಲಿ ಬಂದು, ‘ಗಿಡನೇ ಇಲ್ಲರೀ ಸರ’ ಎಂದರು. ಈ ಹತ್ತೂ ಹಂತಗಳನ್ನು ಪಾಲಿಸಲು ಪುರುಸೊತ್ತಿಲ್ಲದಿದ್ದರೂ ಸರಿ, ಈ ವರ್ಷ ಆವರಣ ಸ್ವಚ್ಛ ಮಾಡುವಾಗ ಗೋಡೆಯಂಚಿನ ಒಂದು ಎಕ್ಕಿ ಗಿಡ ಬಿಡಿ.